ಕೆಸರು ನೀರಿನ ಹನ್ನೆರಡು ಹಾಡು

ತಂಬೂರಿ ಪದ ಹಾಳಾಯಿತು ಎಂದು ಕೊರಗುವವರು ನಮ್ಮಲ್ಲಿ ಬಹಳ ಮಂದಿ. ಮಳವಳ್ಳಿ, ಮದ್ದೂರು, ಕೊಳ್ಳೇಗಾಲ ಸೀಮೆಯ ಜಾನಪದದ ಬಗ್ಗೆ ಎಲ್ಲಿ ವಿಚಾರ ಸಂಕಿರಣ ನಡೆದರೂ ಒಬ್ಬರಾದರೂ ಎದ್ದು ಈ ಮಾತು ಹೇಳಿಯೇ ಕೂರುತ್ತಾರೆ. ನೀಲಗಾರರ ಮುಂದೆ ಮೈಕು ಬಂತು, ತಂಬೂರಿಯ ಪಕ್ಕ ಕೀಬೋರ್ಡು ಬಂದು ಕುಳಿತಿತು, ರಾತ್ರಿಯಿಡೀ ಹಾಡುತ್ತಿದ್ದ ಕಥೆ ಕ್ಯಾಸೆಟ್ಟಿನ ಎರಡು ಬದಿಗೆ ತುಂಡಾಯಿತು, ಅಲ್ಲಿಗೆ ಮಂಟೇಸ್ವಾಮಿಯೂ ಮುಗಿದ, ಮಾದಪ್ಪನೂ ಮುಗಿದ ಎಂಬುದು ಈ ವಾದದ ಸಾರ. ಇದಕ್ಕೆ ತಲೆಯಾಡಿಸುವ ಮುನ್ನ ಓದುಗರು ಒಂದು ಅಮೆರಿಕನ್ ಧ್ವನಿಮುದ್ರಿಕೆಯನ್ನು ಕೇಳಬೇಕೆಂದು ನಮ್ಮ ಕೋರಿಕೆ. ಅದರ ಹೆಸರು 'ದ ಬೆಸ್ಟ್ ಆಫ್ ಮಡ್ಡಿ ವಾಟರ್ಸ್'. 1958ರಲ್ಲಿ ಷಿಕಾಗೋದ ಚೆಸ್ ಕಂಪನಿ ಹೊರತಂದ, ಹನ್ನೆರಡು ಹಾಡುಗಳ ಲಾಂಗ್ ಪ್ಲೇ ತಟ್ಟೆ. ಮಡ್ಡಿ ವಾಟರ್ಸ್ ಎಂದರೆ ಕೆಸರು ನೀರು. ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಕರಿಯ ಹುಡುಗ ತೊರೆಯ ಕೆಸರಿನಲ್ಲಿ ಸದಾ ಆಡುತ್ತಿದ್ದನೆಂದು ಅಜ್ಜಿ ಇಟ್ಟ ಅಡ್ಡಹೆಸರು ಅದು.

ಷಿಕಾಗೋಗೆ ಹೋಗುವ ಮೊದಲು ಮುತ್ತತ್ತಿಯಲ್ಲಿ ಒಂದು ಗಳಿಗೆ ನಿಲ್ಲುವುದು ಅಗತ್ಯ. ಮಳವಳ್ಳಿ ತಾಲ್ಲೂಕಿನ ಅಂಚಿನ ಈ ಊರನ್ನು ಹೊರಗಿನವರು ಬಲ್ಲದ್ದು ಮುತ್ತೆತ್ತಿರಾಯನ ಗುಡಿಯಿಂದ ಮತ್ತು ಕಾವೇರಿಯ ಸುಳಿಗಳಿಂದ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರನ್ನು ಕಲಕಿ ಎತ್ತಿಕೊಟ್ಟನೆಂಬುದು ಊರಿನ ಹೆಸರಿಗೆ ಜನ ಕೊಡುವ ಕಾರಣ. ಹರಕೆಗೆ ಬಂದವರು ಹೊಳೆದಂಡೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅಡುಗೆಗಿಟ್ಟಾಗ, ಕ್ಯಾಸೆಟ್ಟಿನ ಕಾಲದಲ್ಲಿ ಅವರ ಟೆಂಪೋಗಳ ಸ್ಪೀಕರಿನಿಂದ ಹೊರಡುತ್ತಿದ್ದುದು ಹೆಚ್ಚಾಗಿ ಮಳವಳ್ಳಿ ಮಹದೇವಸ್ವಾಮಿಯವರ ದನಿ. ಕಥೆ ಮಾದಪ್ಪನದೋ ಮಂಟೇಸ್ವಾಮಿಯದೋ ಇರುತ್ತಿತ್ತು. ಬಂದ ದೇವರು ಮಾತ್ರ ಮುತ್ತೆತ್ತಿರಾಯ. ಯಾರಿಗೂ ಇದರಲ್ಲಿ ತೊಡಕು ಕಾಣುತ್ತಿರಲಿಲ್ಲ.

ಮುತ್ತತ್ತಿಗೆ ಬರುವ ನೀರು ಶಿವನಸಮುದ್ರವನ್ನು ದಾಟಿ ಬರುವ ನೀರು. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ತಂತಿಗಳಲ್ಲಿ ಒಂದು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ದೀಪವಾಯಿತು. ಹೊಳೆಯ ದಂಡೆಯ ಹಳ್ಳಿಗಳಲ್ಲಿ ಮಾತ್ರ ಇನ್ನೂ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ತಂತಿಯ ಹಿಂದೆಯೇ ಜನರೂ ಬೆಂಗಳೂರಿನ ದಾರಿ ಹಿಡಿದರು. ಆಮೇಲೆ ತಂಬೂರಿ ಪದಕ್ಕೆ ಕರೆಂಟು ತಗುಲಿದ್ದು ಆ ಬೆಂಗಳೂರಿನ ಸ್ಟುಡಿಯೋಗಳಲ್ಲಿ. ಅಲ್ಲಿಂದ ಅದು ಕ್ಯಾಸೆಟ್ಟಾಗಿ ಹೊಳೆದಂಡೆಗೆ ಮರಳಿತು. ಹಾಡು ಹೀಗೆ ಊರು ಬಿಟ್ಟು, ಕರೆಂಟು ಹತ್ತಿಸಿಕೊಂಡು, ವಾಪಸು ಬರುವ ಕಥೆಯನ್ನು ಇನ್ನೊಂದು ನದಿಯ ದಂಡೆಯಲ್ಲಿ ನೋಡೋಣ.

ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಬಳಿ ಸ್ಟೊವಾಲ್ ಎಂಬ ಹತ್ತಿಯ ಎಸ್ಟೇಟು. 1941ರ ಆಗಸ್ಟಿನಲ್ಲಿ ಅಲ್ಲಿಗೆ ಇಬ್ಬರು ಬಂದರು. ಒಬ್ಬರು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ಬಿಳಿಯ ಸಂಗ್ರಾಹಕ ಅಲನ್ ಲೋಮ್ಯಾಕ್ಸ್. ಇನ್ನೊಬ್ಬರು ಫಿಸ್ಕ್ ವಿಶ್ವವಿದ್ಯಾಲಯದ ಕರಿಯ ಸಂಗೀತ ಪ್ರಾಧ್ಯಾಪಕ ಜಾನ್ ವರ್ಕ್. ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತ, ಸಂಜೆ ಗಿಟಾರ್ ಹಿಡಿದು ಹಾಡುತ್ತಿದ್ದ ಮಡ್ಡಿಯ ದನಿಯನ್ನು ಅವನ ಗುಡಿಸಲಿನಲ್ಲಿಯೇ ಮುದ್ರಿಸಿಕೊಂಡರು. ಆ ಕೆಲಸದ ಕೀರ್ತಿ ದಶಕಗಳ ಕಾಲ ಲೋಮ್ಯಾಕ್ಸ್ ಒಬ್ಬರಿಗೇ ಸಂದಿತು. ವರ್ಕ್ ಮತ್ತು ಅವರ ಸಂಗಡಿಗರು ಬರೆದಿಟ್ಟ ಹಸ್ತಪ್ರತಿ ಪುಸ್ತಕವಾಗಿ ಹೊರಬಂದದ್ದು 2005ರಲ್ಲಿ. ಸಂಗ್ರಹದ ಕೆಲಸದಲ್ಲಿ ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಹಾಡಿದವನಿಗೆ ಆಮೇಲೆ ಟಪಾಲಿನಲ್ಲಿ ಬಂದದ್ದು ತಟ್ಟೆಯ ಎರಡು ಪ್ರತಿ ಮತ್ತು ಇಪ್ಪತ್ತು ಡಾಲರ್.

ಆದರೆ ತನ್ನ ದನಿಯನ್ನು ತಾನೇ ಕೇಳಿದ ಮನುಷ್ಯ ಮೊದಲಿನಂತೆ ಉಳಿಯುವುದಿಲ್ಲ. ಪೇಟೆಯಲ್ಲಿ ಪ್ಲೇಟು ಹಾಕಿಸಿಕೊಂಡವರಿಗಿಂತ ತಾನೇನೂ ಕಡಿಮೆಯಿಲ್ಲ ಎಂಬುದು ಮಡ್ಡಿಗೆ ಆಗ ಖಾತ್ರಿಯಾಯಿತು. 1943ರಲ್ಲಿ ಗಂಟೆಗೆ ಇಪ್ಪತ್ತೆರಡೂವರೆ ಸೆಂಟಿನ ಕೂಲಿಯನ್ನು ಇಪ್ಪತ್ತೈದಕ್ಕೆ ಏರಿಸಿ ಎಂದು ಮೇಸ್ತ್ರಿಯನ್ನು ಕೇಳಿದ, ಮೇಸ್ತ್ರಿ ಕೊಡಲಿಲ್ಲ. ಮಡ್ಡಿ ಷಿಕಾಗೋದ ರೈಲು ಹತ್ತಿದ. ಅಲ್ಲಿ ಕಾಗದದ ಕಾರ್ಖಾನೆಯಲ್ಲಿ ದುಡಿದ, ಲಾರಿ ಓಡಿಸಿದ. ರಾತ್ರಿ ಹಾಡಲು ಕೂತರೆ, ಕಾರ್ಖಾನೆ ಬಿಟ್ಟು ಬಂದ ಕೂಲಿಗಳ ಗದ್ದಲದಲ್ಲಿ ಮರದ ಗಿಟಾರಿನ ದನಿ ಎರಡನೆಯ ಮೇಜಿಗೂ ತಲುಪುತ್ತಿರಲಿಲ್ಲ. ವಿದ್ಯುತ್ ಗಿಟಾರ್ ಅವನ ಕೈಗೆ ಬಂದದ್ದು ಈ ಕಾರಣಕ್ಕೆ. ಷೋಕಿಗಾಗಿ ಬಂದದ್ದೆಂದು ಹೇಳುವವರು ಆ ಗದ್ದಲವನ್ನು ಮರೆತಿರುತ್ತಾರೆ. ಜಾತ್ರೆಯ ನಡುವೆ ನಿಂತು ಕಥೆ ಮಾಡಬೇಕಾದ ನಮ್ಮ ನೀಲಗಾರನಿಗೆ ಮೈಕು ಏಕೆ ಬೇಕಾಯಿತೆಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ.

ಆಲ್ಬಮ್ಮಿನ ಕಟ್ಟಕಡೆಯ ಹಾಡು 'ಐ ಕಾಂಟ್ ಬಿ ಸ್ಯಾಟಿಸ್ಫೈಡ್'. ಮುದ್ರಣದ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಮೊದಲಿನದು, 1948ರ ಏಪ್ರಿಲ್‌ನದು. ಆಗ ಕಂಪನಿಯ ಹೆಸರು ಅರಿಸ್ಟೊಕ್ರಾಟ್. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಸಹೋದರರಾದ ಲಿಯೊನಾರ್ಡ್ ಮತ್ತು ಫಿಲ್ ಚೆಸ್ 1950ರಲ್ಲಿ ಅದಕ್ಕೆ ತಮ್ಮ ಮನೆತನದ ಹೆಸರಿಟ್ಟರು. ಈ ಹಾಡಿನಲ್ಲಿ ಇರುವವರು ಇಬ್ಬರೇ: ಮಡ್ಡಿ, ಮತ್ತು ದೊಡ್ಡ ಬಾಸ್ ತಂತಿವಾದ್ಯದ ಬಿಗ್ ಕ್ರಾಫರ್ಡ್. ಮಡ್ಡಿ ಏನು ಹಾಡುತ್ತಿದ್ದಾನೆಂಬುದೇ ಲಿಯೊನಾರ್ಡ್‌ಗೆ ತಿಳಿಯಲಿಲ್ಲವಂತೆ. ಪಾಲುದಾರಳಾಗಿದ್ದ ಎವೆಲಿನ್ ಆರನ್ ಪಟ್ಟು ಹಿಡಿದಿದ್ದರಿಂದ ಪ್ಲೇಟು ಹೊರಬಂತಂತೆ. ಮಾರಾಟಕ್ಕಿಟ್ಟ ಒಂದೆರಡು ದಿನದಲ್ಲೇ ಮೊದಲ ಮುದ್ರಣ ಖಾಲಿಯಾಯಿತು. ಅಂಗಡಿಯವನು ಒಬ್ಬರಿಗೆ ಒಂದೇ ಪ್ರತಿ ಎಂದು ಕಟ್ಟಳೆ ಹಾಕಿದ್ದರಿಂದ, ಹಾಡಿದವನಿಗೇ ಎರಡನೆಯ ಪ್ರತಿ ಸಿಗಲಿಲ್ಲ ಎಂಬ ಕಥೆಯೂ ಉಂಟು.

ಈ ಹಾಡು 1941ರಲ್ಲಿ ಗುಡಿಸಲಿನಲ್ಲಿ ಮುದ್ರಿತವಾದ 'ಐ ಬೀಸ್ ಟ್ರಬಲ್ಡ್' ಎಂಬ ಹಾಡೇ. ಎರಡೂ ಇಂದು ಕೇಳಲು ಸಿಗುತ್ತವೆ. ಒಂದರ ಬೆನ್ನಿಗೆ ಇನ್ನೊಂದನ್ನು ಕೇಳಬೇಕು. ಎಸ್ಟೇಟಿನ ಮುದ್ರಣದಲ್ಲಿ ಗಿಟಾರ್ ಹಾಡಿಗೆ ಹೆಗಲು ಕೊಟ್ಟು ನಡೆಯುತ್ತದೆ. ಷಿಕಾಗೋದ ಮುದ್ರಣದಲ್ಲಿ, ಬೆರಳಿಗೆ ತೊಟ್ಟ ಕೊಳವೆ ತಂತಿಯ ಮೇಲೆ ಜಾರುವಾಗ ಗಿಟಾರೇ ಇನ್ನೊಂದು ಗಂಟಲಾಗುತ್ತದೆ; ಗಾಯಕ ಅರ್ಧಕ್ಕೆ ಬಿಟ್ಟ ಮಾತನ್ನು ಅದು ಮುಗಿಸುತ್ತದೆ. ಕರೆಂಟು ಹಾಡನ್ನು ಕೆಡಿಸಿದ್ದರೆ ಎರಡನೆಯದು ಸಪ್ಪೆಯಾಗಿರಬೇಕಿತ್ತು. ನಮ್ಮ ಕಿವಿಗೆ ಎರಡನೆಯದೇ ಹೆಚ್ಚು ಹಳ್ಳಿಯದು ಎನ್ನಿಸುತ್ತದೆ. ಊರು ಬಿಟ್ಟು ಐದು ವರ್ಷವಾದ ಮನುಷ್ಯನಿಗೆ ಊರು ಕೇಳಿಸುವ ರೀತಿ ಅದು. ಆ ಪ್ಲೇಟಿನ ಇನ್ನೊಂದು ಬದಿಯಲ್ಲಿ ಊರಿಗೆ ಹೋಗಬೇಕೆನ್ನಿಸುತ್ತಿದೆ ಎಂಬ ಹಾಡು ಇತ್ತು. ಷಿಕಾಗೋದ ಜನ ಹುಚ್ಚೆದ್ದು ಕೇಳಿದ್ದರೂ ಅದನ್ನು ಈ ಆಲ್ಬಮ್ಮಿಗೆ ಸೇರಿಸದೆ ಬಿಟ್ಟದ್ದು ಆಯ್ಕೆ ಮಾಡಿದವರ ದೊಡ್ಡ ಲೋಪವೆಂದೇ ನಾವು ಹೇಳುತ್ತೇವೆ.

1950ರ 'ರೋಲಿನ್ ಸ್ಟೋನ್' ಇನ್ನೂ ಬೋಳು. ಡ್ರಮ್ಮಿಲ್ಲ, ಬಾಸಿಲ್ಲ, ಒಬ್ಬ ಮನುಷ್ಯ, ಒಂದು ಕರೆಂಟು ಗಿಟಾರ್. ತಂತಿ ಮೀಟಿ ಬಿಡುತ್ತಾನೆ, ಕಾಯುತ್ತಾನೆ, ಆ ಮೌನದಲ್ಲಿ ಯಂತ್ರದ ಗುಂಯ್ ಎನ್ನುವ ಸದ್ದು ಕೇಳುತ್ತದೆ, ಆಮೇಲೆ ಹಾಡುತ್ತಾನೆ. ತಂಬೂರಿಯ ಶ್ರುತಿಯಲ್ಲಿ ಕಥೆಗಾರ ಉಸಿರು ಹಿಡಿದು ನಿಲ್ಲುವ ಗಳಿಗೆ ಬಲ್ಲವರಿಗೆ ಇದು ಹೊಸದಲ್ಲ. ಅದೇ ವರ್ಷದ 'ಲೂಸಿಯಾನಾ ಬ್ಲೂಸ್'ನಲ್ಲಿ ಲಿಟಲ್ ವಾಲ್ಟರ್ ಎಂಬ ಇಪ್ಪತ್ತರ ಹುಡುಗನ ಮೌತ್ ಆರ್ಗನ್ ಜೊತೆಗೂಡುತ್ತದೆ. ಹಾಡಿನ ನಾಯಕ ನ್ಯೂ ಆರ್ಲಿಯನ್ಸಿಗೆ ಹೋಗಿ ಒಂದು 'ಮೋಜೋ' ತರುತ್ತೇನೆ ಎನ್ನುತ್ತಾನೆ. ಅರ್ಥಕೋಶ ಹುಡುಕಬೇಕಿಲ್ಲ: ಅದು ತಾಯಿತ. ವಾಲ್ಟರ್ ಮುಂದೆ ಮೈಕನ್ನೂ ಮೌತ್ ಆರ್ಗನ್ನನ್ನೂ ಎರಡೂ ಅಂಗೈಯಲ್ಲಿ ಒಟ್ಟಿಗೆ ಮುಚ್ಚಿಕೊಂಡು, ಸ್ಪೀಕರಿನಿಂದ ಸ್ಯಾಕ್ಸಫೋನಿನಷ್ಟು ದಪ್ಪ ದನಿ ಹೊರಡಿಸಿದ. 1952ರ 'ಸ್ಟ್ಯಾಂಡಿಂಗ್ ಅರೌಂಡ್ ಕ್ರೈಯಿಂಗ್' ಕೇಳಿದವರಿಗೆ ಆ ದನಿ ಎದೆಯೊಳಗೆ ನಿಲ್ಲುತ್ತದೆ. ಜೇಬಿನಲ್ಲಿ ಹಿಡಿಸುವ ಮಕ್ಕಳ ವಾದ್ಯವೊಂದು ಹಾಗೆ ಅಳಬಲ್ಲದು ಎಂದು ಕಂಡುಕೊಂಡದ್ದು ಮೈಕಿನಿಂದ.

ಉರ್ದು ಶಾಯರಿಯ ಪರಿಚಯವಿದ್ದವರಿಗೆ ಈ ಹಾಡುಗಳ ಕಟ್ಟಡ ಬೇಗ ಹಿಡಿಯುತ್ತದೆ. ಬ್ಲೂಸ್‌ನ ರೂಢಿಯ ನುಡಿಯಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಮುಶಾಯಿರಾದಲ್ಲಿ ಶಾಯರ್ ಮೊದಲ ಮಿಸ್ರಾವನ್ನು ಓದಿ, ಸಭೆಯ ಕಡೆ ನೋಡಿ, ಮತ್ತೆ ಅದನ್ನೇ ಓದುವುದಿಲ್ಲವೇ? ಕೇಳುವವರ ಮನಸ್ಸು ಎರಡನೆಯ ಮಿಸ್ರಾಕ್ಕೆ ಹಸಿಯುವವರೆಗೆ ತಡೆಯುವ ಜಾಣತನ ಎರಡು ಕಡೆಯೂ ಒಂದೇ. 1951ರ 'ಲಾಂಗ್ ಡಿಸ್ಟೆನ್ಸ್ ಕಾಲ್'ನಲ್ಲಿ ಈ ತಡೆ ಟ್ರಂಕ್ ಕಾಲ್‌ನ ಕಾಯುವಿಕೆಯಾಗಿಯೇ ಕೇಳುತ್ತದೆ.

ಇನ್ನು 'ಹೂಚಿ ಕೂಚಿ'. 1954ರ ಜನವರಿಯ ಈ ಹಾಡನ್ನು ಬರೆದವನು ಬಾಸ್ ನುಡಿಸುತ್ತಿದ್ದ ವಿಲ್ಲಿ ಡಿಕ್ಸನ್. ಕ್ಲಬ್ಬಿನಲ್ಲಿ ಬಿಡುವಿನ ಹೊತ್ತು ಶೌಚಾಲಯದಲ್ಲಿ ನಿಂತು ಮಡ್ಡಿಗೆ ಹಾಡು ಕಲಿಸಿದೆ, ಅವನು ಹೊರಬಂದು ಆ ರಾತ್ರಿಯೇ ಹಾಡಿಬಿಟ್ಟ ಎಂದು ಡಿಕ್ಸನ್ ಹೇಳಿಕೊಂಡಿದ್ದಾನೆ. ವಾದ್ಯಗಳೆಲ್ಲ ಒಟ್ಟಿಗೆ ಒಂದು ಪೆಟ್ಟು ಕೊಟ್ಟು ನಿಲ್ಲುತ್ತವೆ. ಆ ಖಾಲಿಯಲ್ಲಿ ಗಾಯಕ ತನ್ನ ಹುಟ್ಟಿನ ಶಕುನಗಳನ್ನು, ತನ್ನ ತಾಯಿತಗಳನ್ನು ಹೇಳಿಕೊಂಡು ಜಂಬ ಕೊಚ್ಚುತ್ತಾನೆ. ಉರ್ದು ಕಾವ್ಯದಲ್ಲಿ ಕವಿ ತನ್ನನ್ನು ತಾನೇ ಎತ್ತಿ ಆಡುವುದಕ್ಕೆ 'ತಅಲ್ಲಿ' ಎಂಬ ಹೆಸರಿದೆ. ಗಾಲಿಬ್ ಅದರಲ್ಲಿ ಉಸ್ತಾದ. ಪಿಂಚಣಿಗಾಗಿ ಅಲೆದವನ ಬಾಯಲ್ಲಿ ತಅಲ್ಲಿ ಬಂದಾಗ ಅದರ ತೂಕವೇ ಬೇರೆ. ಗಂಟೆಗೆ ಎರಡೂವರೆ ಸೆಂಟು ಹೆಚ್ಚು ಕೇಳಿ ಇಲ್ಲವೆನ್ನಿಸಿಕೊಂಡವನ ಬಾಯಲ್ಲೂ ಹಾಗೆಯೇ.

ಮೊದಲ ಹಾಡು 'ಐ ಜಸ್ಟ್ ವಾಂಟ್ ಟು ಮೇಕ್ ಲವ್ ಟು ಯು' ನಮ್ಮ ಕೆಲವು ಓದುಗರಿಗೆ ಮುಜುಗರ ತರಬಹುದು. ಅದರ ಬಯಕೆ ಮುಚ್ಚುಮರೆಯದಲ್ಲ, ಪುರುಷನ ಅಹಂಕಾರವೂ ಅದರಲ್ಲಿ ಸಾಕಷ್ಟಿದೆ. ಆದರೆ ಗಮನಿಸಿ: ನೀನು ನನಗೆ ಬಟ್ಟೆ ಒಗೆಯಬೇಡ, ಅಡುಗೆ ಮಾಡಬೇಡ, ಮನೆವಾರ್ತೆಗೆ ದಣಿಯಬೇಡ ಎಂಬ ಪಟ್ಟಿಯೇ ಹಾಡಿನ ಮೈ. ತಲೆಮಾರುಗಳ ಕಾಲ ಬಿಳಿಯರ ಮನೆಯ ಬಟ್ಟೆ ಒಗೆದ ಹೆಂಗಸರ ಮಗ ಹಾಡುವಾಗ ಆ ಪಟ್ಟಿಗೆ ಬೇರೆಯ ಅರ್ಥವೂ ಹುಟ್ಟುತ್ತದೆ.

ಒಂದು ತಮಾಷೆಯ ಸಂಗತಿಯನ್ನು ಬಿಡಲಾಗದು. 1951ರ ಜುಲೈನಲ್ಲಿ 'ಷಿ ಮೂವ್ಸ್ ಮಿ' ಮುದ್ರಿಸುವಾಗ ಡ್ರಮ್ಮರಿಗೆ ಮಡ್ಡಿಯ ಲಯ ಹತ್ತಲಿಲ್ಲ. ಮಡ್ಡಿ ಸಾಲುಗಳನ್ನು ತನ್ನ ಉಸಿರಿನಂತೆ ಉದ್ದ ಗಿಡ್ಡ ಮಾಡುತ್ತಿದ್ದ. ಹನ್ನೆರಡರ ಲೆಕ್ಕ ಒಮ್ಮೆ ಹದಿಮೂರಾಗುತ್ತಿತ್ತು. ತಾಳ್ಮೆಗೆಟ್ಟ ಲಿಯೊನಾರ್ಡ್ ಚೆಸ್ ಡ್ರಮ್ಮರನ್ನು ಎಬ್ಬಿಸಿ ತಾನೇ ಕುಳಿತು ದೊಡ್ಡ ಡ್ರಮ್ ಒದ್ದ. ಮಾಲೀಕನ ಆ ಒಡ್ಡೊಡ್ಡು ಪೆಟ್ಟು ತಟ್ಟೆಯಲ್ಲಿ ಇಂದಿಗೂ ಇದೆ, ಮತ್ತು ಹಾಡಿಗೆ ಅದು ಒಪ್ಪಿಯೂ ಇದೆ.

ಹಾಗಾದರೆ 1958ರ ಈ ಲಾಂಗ್ ಪ್ಲೇ ಏನು? ಹಿಂದೆ ಬಿಡಿ ಪ್ಲೇಟುಗಳಾಗಿ ಬಂದಿದ್ದ, ಮೂರು ನಿಮಿಷದ ಅಳತೆಯ ಹಾಡುಗಳ ಆಯ್ಕೆ. ಅತ್ಯಂತ ಹೊಸದು ಕೂಡ 1954ರದು. 1955ರಲ್ಲಿ, ಮಡ್ಡಿಯೇ ಚೆಸ್‌ಗೆ ದಾರಿ ತೋರಿಸಿ ಕಳಿಸಿದ ಚಕ್ ಬೆರಿಯ 'ಮೇಬೆಲೀನ್' ಬಂದ ಮೇಲೆ ಎಳೆಯರು ರಾಕ್ ಅಂಡ್ ರೋಲ್ ಕಡೆ ತಿರುಗಿದ್ದರು. ಕಂಪನಿಗೆ ಇದು ಹಳೆಯ ಸರಕನ್ನು ಹೊಸ ಚೀಲಕ್ಕೆ ತುಂಬುವ ವ್ಯಾಪಾರ. ಆದರೆ ಅದು ತಲುಪಿದ ಜಾಗಗಳನ್ನು ಯಾರೂ ಎಣಿಸಿರಲಿಲ್ಲ. 1961ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಇಬ್ಬರು ಹುಡುಗರು ಮಾತಿಗೆ ತೊಡಗಿದರು; ಒಬ್ಬನ ಕಂಕುಳಲ್ಲಿ ಚಕ್ ಬೆರಿಯ ಒಂದು ತಟ್ಟೆ ಮತ್ತು 'ದ ಬೆಸ್ಟ್ ಆಫ್ ಮಡ್ಡಿ ವಾಟರ್ಸ್' ಇದ್ದವು. ತಟ್ಟೆ ಹಿಡಿದವನು ಮಿಕ್ ಜಾಗರ್, ಮಾತಾಡಿಸಿದವನು ಕೀತ್ ರಿಚರ್ಡ್ಸ್. ಮುಂದಿನ ವರ್ಷ ಅವರ ತಂಡಕ್ಕೆ ಮಡ್ಡಿಯ ಹಾಡಿನಿಂದಲೇ ರೋಲಿಂಗ್ ಸ್ಟೋನ್ಸ್ ಎಂಬ ಹೆಸರು ಬಂತು. ಆ ತಂಡ ಗಳಿಸಿದ ಹಣದ ಲೆಕ್ಕ ನಮಗೇಕೆ? ಮಡ್ಡಿಯ ಲೆಕ್ಕ ಮಾತ್ರ ಹೇಳಬೇಕು. ಹಾಡುಗಳ ಹಕ್ಕು ಚೆಸ್ ಸಹೋದರರ ಪಾಲಿದ್ದ ಆರ್ಕ್ ಎಂಬ ಪ್ರಕಾಶನದ ಕೈಯಲ್ಲಿತ್ತು. ಮಡ್ಡಿ ಮತ್ತು ಡಿಕ್ಸನ್ 1970ರ ದಶಕದಲ್ಲಿ ಅದರ ಮೇಲೆ ದಾವೆ ಹೂಡಿದರು. ದಾವೆ ನ್ಯಾಯಾಲಯದ ಹೊರಗೆ ರಾಜಿಯಾಯಿತು. 1983ರಲ್ಲಿ ಮಡ್ಡಿ ತೀರಿಕೊಂಡ.

ಕಂಪನಿ ಹೀಗಿದ್ದ ಮೇಲೆ, ಯಾವ ಹಾಡಿನಲ್ಲಿ ಯಾರು ನುಡಿಸಿದರು, ಯಾವ ತಿಂಗಳು ಎಂಬುದೆಲ್ಲ ನಮಗೆ ತಿಳಿದದ್ದು ಹೇಗೆ? ತಟ್ಟೆಯ ಹೊದಿಕೆಯಿಂದಲ್ಲ. ಅಲ್ಲಿದ್ದದ್ದು ಡಾನ್ ಬ್ರಾನ್‌ಸ್ಟೀನ್ ತೆಗೆದ ಸೊಗಸಾದ ಚಿತ್ರ, ಹಿಂದೆ ಸ್ಟಡ್ಸ್ ಟರ್ಕೆಲ್ ಬರೆದ ನಾಲ್ಕು ಮಾತು. ಉಳಿದದ್ದನ್ನು ಬೆದಕಿದವರು ಹಾಡಿನ ಹುಚ್ಚಿನ ಸಾಮಾನ್ಯ ಜನ. ಮೈಕ್ ಲೆಡ್‌ಬಿಟರ್, ನೀಲ್ ಸ್ಲೇವನ್ ಎಂಬ ಇಬ್ಬರು ಇಂಗ್ಲಿಷರು 1968ರಲ್ಲಿ, ಯುದ್ಧಾನಂತರದ ಬ್ಲೂಸ್ ಪ್ಲೇಟುಗಳನ್ನು ದಿನಾಂಕ, ವಾದಕರ ಹೆಸರುಗಳೊಂದಿಗೆ ಪಟ್ಟಿ ಮಾಡಿ ಪುಸ್ತಕ ತಂದರು. ಮುದುಕರಾಗಿದ್ದ ವಾದಕರನ್ನು ಅಭಿಮಾನಿಗಳು ಹುಡುಕಿಕೊಂಡು ಹೋಗಿ, ಈ ಗಿಟಾರ್ ನಿನ್ನದೋ ಅವನದೋ ಎಂದು ಕೇಳಿ ಬರೆದುಕೊಂಡರು. 'ಹನಿ ಬೀ' ಹಾಡಿನ ಎರಡನೆಯ ಗಿಟಾರ್ ಮೌತ್ ಆರ್ಗನ್ನಿನ ವಾಲ್ಟರನದೇ ಎಂದು ನಾವು ಇಲ್ಲಿ ಕುಳಿತು ಹೇಳಬಹುದಾದದ್ದು ಇಂಥವರ ದುಡಿಮೆಯಿಂದ.

ಈಗ ಮಳವಳ್ಳಿಯ ಕಡೆ ನೋಡೋಣ. ನಮ್ಮ ಜಾನಪದ ವಿದ್ವಾಂಸರ ಕೆಲಸ ಸಣ್ಣದಲ್ಲ. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಹಾಡುಗಾರರ ಬಾಯಿಂದ ಪುಸ್ತಕಕ್ಕೆ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಪಾಠದಲ್ಲಿ ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರು ಗೌರವದಿಂದ ಉಳಿದಿದೆ. ಆದರೆ ಪುಸ್ತಕದಲ್ಲಿ ದನಿಯಿಲ್ಲ. ದನಿಯಿರುವುದು ಕ್ಯಾಸೆಟ್ಟಿನಲ್ಲಿ, ವಿದ್ವಾಂಸರು ಅದನ್ನು ಮಾರುಕಟ್ಟೆಯ ಸರಕೆಂದು ಬದಿಗಿಟ್ಟರು. ನಮ್ಮ ಸಂಗ್ರಹದಲ್ಲಿ ಉಳಿದಿರುವ ತಂಬೂರಿ ಕ್ಯಾಸೆಟ್ಟುಗಳ ಹೊದಿಕೆಯನ್ನು ತಿರುಗಿಸಿ ನೋಡಿದರೆ ದೇವರ ಚಿತ್ರವಿದೆ, ಮುಖ್ಯ ಗಾಯಕರ ಹೆಸರಿದೆ, ಬೆಲೆಯಿದೆ. ಮುದ್ರಣದ ತಾರೀಖಿಲ್ಲ. ದಮ್ಮಡಿ ಬಡಿದವರು, ಹಿಮ್ಮೇಳದಲ್ಲಿ ಸೊಲ್ಲು ಹಿಡಿದವರು ಯಾರೆಂದು ಇಲ್ಲ. ಕಥೆಯನ್ನು ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸಿದವರು ಹಾಡುಗಾರರೋ ಸ್ಟುಡಿಯೋದವರೋ ಗೊತ್ತಾಗುವುದಿಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಪ್ಲೇಟು ತಯಾರಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರ ದನಿಯೆಂದು ತಿಳಿಯಲೆಂದು ಆ ಏರ್ಪಾಡು. 1930ರಲ್ಲಿ ನಮ್ಮ ಮೈಸೂರಿನಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಕಣ್ಣು ಮುಚ್ಚಿದ ಆ ಗಾಯಕಿಯ ಗುರುತನ್ನು ಪ್ಲೇಟಿನೊಳಗಿನ ಆ ಕೂಗು ಕಾಯ್ದಿದೆ. ಹಿಮ್ಮೇಳದವನಿಗೆ ಅಂಥ ಅವಕಾಶವೂ ಇಲ್ಲ.

ಆದ್ದರಿಂದ ಕೀಬೋರ್ಡಿನ ಮೇಲಿನ ಸಿಟ್ಟನ್ನು ನಾವು ಸ್ವಲ್ಪ ತಡೆಯುವುದು ಲೇಸು. ಕೆಲವು ಕ್ಯಾಸೆಟ್ಟುಗಳಲ್ಲಿ ಅದು ಅಸಹ್ಯವಾಗಿಯೇ ಕೇಳುತ್ತದೆ, ಒಪ್ಪುತ್ತೇವೆ. ಆದರೆ ಯಾವುದು ಅಸಹ್ಯ, ಯಾವುದು ಹದ ಎಂದು ಹೇಳಲು ಒಬ್ಬ ಗಾಯಕರ ಮೊದಲ ಮುದ್ರಣವನ್ನೂ ಹತ್ತು ವರ್ಷದ ನಂತರದ್ದನ್ನೂ ಪಕ್ಕಪಕ್ಕ ಇಟ್ಟು ಕೇಳಬೇಕು. ಮಡ್ಡಿಯ ವಿಷಯದಲ್ಲಿ 1941, 1948, 1954 ಎಂದು ಬೆರಳು ಮಡಚಿ ಹೇಳಿದ ನಮಗೆ, ಮಳವಳ್ಳಿಯ ದನಿಯ ವಿಷಯದಲ್ಲಿ ಒಂದು ಇಸವಿಯನ್ನೂ ಹೊದಿಕೆ ನೋಡಿ ಹೇಳಲಾಗುತ್ತಿಲ್ಲ. ಇಸವಿಯಿಲ್ಲದ ಕಡೆ ವಿಮರ್ಶೆ ಬರಿಯ ಹಳಹಳಿಕೆಯಾಗುತ್ತದೆ.

ಕ್ಯಾಸೆಟ್ಟಿನ ಕಾಲ ಮುಗಿಯಿತು. ಆ ಹಾಡುಗಳು ಈಗ ಮೊಬೈಲಿನಲ್ಲಿ, ಹೊದಿಕೆಯ ಆ ನಾಲ್ಕಕ್ಷರವೂ ಇಲ್ಲದೆ ಓಡಾಡುತ್ತಿವೆ. ಆ ಸ್ಟುಡಿಯೋಗಳಲ್ಲಿ ಗಗ್ಗರ ಹಿಡಿದು ಕುಳಿತಿದ್ದವರಲ್ಲಿ ಕೆಲವರಾದರೂ ಹಲಗೂರು, ಮಳವಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಇರಬಹುದು. ಜಾನಪದದ ಎಂ.ಎ. ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಕಿರುಪ್ರಬಂಧದ ವಿಷಯ ಹುಡುಕುವ ಅಧ್ಯಾಪಕರು ಒಬ್ಬರನ್ನಾದರೂ ಒಂದು ಹಳೆಯ ಟೇಪ್ ರೆಕಾರ್ಡರ್ ಕೊಟ್ಟು ಆ ಕಡೆ ಕಳಿಸಲಿ. ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ: ಯಾವ ವರ್ಷ, ಎಷ್ಟು ದಿನ, ಯಾರ್ಯಾರು ಕೂತಿದ್ದಿರಿ, ಕೈಗೆ ಎಷ್ಟು ಕೊಟ್ಟರು.